ಬೇಸ್‌ನವರಿಗೆ ಹೊದಿಸಿದ ಶಾಲು

ಗೋಡೆಗೆ ಲೋಟ ಇಟ್ಟು ಪಕ್ಕದ ಮನೇದು ಕೇಳಿಸ್ಕೊಂಡಿದೀರಾ ಯಾವತ್ತಾದ್ರೂ? ಸುಳ್ಳು ಹೇಳ್ಬೇಡಿ. ನಾನಂತೂ ಕೇಳಿಸ್ಕೊಂಡಿದೀನಿ. ಸ್ಟೀಲಿಗಿಂತ ಗಾಜಿನ ಲೋಟ ವಾಸಿ, ಬೇಕಾದ್ರೆ ಇವತ್ತೇ ಇಟ್ಟು ನೋಡಿ.

ನಮ್ಮನೆ ಅಮೆರಿಕದ ಸಿಯಾಟಲ್ ಹತ್ತಿರ, ಬಾಥೆಲ್‌ನ ನಾರ್ತ್ ಕ್ರೀಕ್‌ನಲ್ಲಿ. ಸಾಲು ಮನೆಗಳು, ಎರಡು ಮನೆಗೆ ಒಂದೇ ಗೋಡೆ. ನಮ್ಮೆಜಮಾನ್ರು ವಿಮಾನದ ಕಂಪನೀಲಿ ಇಂಜಿನಿಯರ್ ಆಗಿದ್ರು. ಅವರು ಹೋದ್ಮೇಲೆ ದೊಡ್ಡ ಮನೆ ಯಾಕೆ, ಗುಡಿಸಿ ಸಾಯೋಕಾ ಅಂತ ಮಾರಿ ನಾನೊಬ್ಳೇ ಇಲ್ಲಿಗೆ ಬಂದೆ. ಮಗಳು ಸ್ನೊಕ್ವಾಲ್ಮಿಲಿ ಇದಾಳೆ, ಭಾನುವಾರ ಬರ್ತಾಳೆ. ಮೊಮ್ಮಗಳು ಫೋನಿಗೆ ಕನ್ನಡ ಹಾಕ್ಕೊಟ್ಟಿದಾಳೆ. ಒಂದೇ ಬೆರಳಲ್ಲಿ ಕುಟ್ತಾ ಇದೀನಿ, ತಪ್ಪಾದ್ರೆ ಬೆರಳಿಗೆ ಬೈಕೊಳ್ಳಿ.

ದಿನಾ ಬೆಳಿಗ್ಗೆ ಕಾಫಿ ಆದ್ಮೇಲೆ ಗೋಡೆ ಒಳಗಿಂದ ಒಂದು ಸದ್ದು ಬರೋದು. ಸದ್ದು ಅನ್ನೋದಕ್ಕಿಂತ ಅದುರು ಅನ್ಬೇಕು. ಶೆಲ್ಫಲ್ಲಿರೋ ಡಬರಿ ಮೇಲೆ ಕೈ ಇಟ್ರೆ ಕೈಗೆ ಗೊತ್ತಾಗೋದು, ಕಿವಿಗಲ್ಲ. ಮೊದಲು ಫ್ರಿಜ್ ಕೆಟ್ಟಿದೆ ಅಂದ್ಕೊಂಡೆ. ಪ್ಲಗ್ ಕಿತ್ತು ನೋಡ್ದೆ, ಅದುರು ಹಂಗೇ ಇತ್ತು, ಹಾಲು ಮಾತ್ರ ಒಡೀತು. ಮಗಳಿಗೆ ಫೋನ್ ಮಾಡಿದ್ರೆ, "ಅಮ್ಮಾ, ಇಟ್ಸ್ ನನ್ ಆಫ್ ಯುವರ್ ಬಿಸಿನೆಸ್" ಅಂದ್ಳು. ಇವಳು ಹುಟ್ಟಿದ್ದು ಇಲ್ಲೇ, ನನ್ನ ಕನ್ನಡ ಎಲ್ಲಾ ಅರ್ಥ ಆಗುತ್ತೆ, ವಾಪಸ್ ಬರೋದು ಮಾತ್ರ ಇಂಗ್ಲಿಷು. ನನ್ನ ಗೋಡೆ ಅದುರಿದ್ರೆ ಅದು ನನ್ನ ಬಿಸಿನೆಸ್ ಅಲ್ದೆ ಇನ್ಯಾರ್ದು? ಲೋಟ ಇಟ್ಟೆ. ಆಗ ಗೊತ್ತಾಯ್ತು, ಅದು ಸ್ವರ. ಒಂದೇ ಸ್ವರ. ಎಳೆದು ಎಳೆದು, ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ, ಮತ್ತೆ ಅಲ್ಲೇ. ಪಾಯಸದ ತಳ ಹಿಡೀದೆ ಇರ್ಲಿ ಅಂತ ಸೌಟು ಆಡಿಸ್ತಾರಲ್ಲ, ಹಂಗೆ.

ಸುಮ್ನೆ ಹೋಗಿ ಕೇಳೋಕಾಗುತ್ತಾ? ಅಕ್ಕಿರೊಟ್ಟಿ ತಟ್ಟಿ ತಟ್ಟೇಲಿಟ್ಕೊಂಡು ಹೋಗಿ ಬೆಲ್ ಒತ್ತಿದೆ. ಬಾಗಿಲು ತೆಗೆದೋರು ಚೌಕಟ್ಟಿಗೆ ತಲೆ ತಾಗೋಷ್ಟು ಎತ್ತರ. ಬಿಳೀ ಹುಬ್ಬು, ನೀಲಿ ಸ್ವೆಟರ್, ನನಗಿಂತ ಒಂದೆರಡು ವರ್ಷಕ್ಕೆ ದೊಡ್ಡೋರಿರ್ಬೇಕು. ಅವರ ಹಿಂದೆ ಹಾಲ್‌ನಲ್ಲಿ ಗೋಡೆಗೆ ಒರಗಿ ನಿಂತಿತ್ತು ಆ ವಾದ್ಯ. ಪಿಟೀಲಿಗೆ ಬಾಣಂತಿ ಊಟ ಹಾಕಿ ಬೆಳೆಸಿದಂಗೆ! ನನಗಿಂತ ಒಂದು ಮೊಳ ಎತ್ತರ, ಸೊಂಟ ಮಾತ್ರ ನನ್ನ ಹಾಗೇ.

"ಇದೇನು?" ಅಂದೆ.

"ಬೇಸ್. ಸದ್ದು ಜಾಸ್ತಿ ಆಯ್ತಾ? ಕಂಪ್ಲೇಂಟ್ ಕೊಡೋಕೆ ಬಂದ್ರಾ?" ಅಂತ ತಟ್ಟೆ ನೋಡ್ತಾ ಕೇಳಿದ್ರು. ಕಂಪ್ಲೇಂಟ್ ಜೊತೆ ರೊಟ್ಟಿ ತರೋರನ್ನ ಅವರು ನೋಡಿರ್ಲಿಲ್ಲ ಅನ್ಸುತ್ತೆ.

"ಇಲ್ಲಾರೀ, ಒಂದೇ ಸ್ವರಾನ ಅಷ್ಟು ಹೊತ್ತು ಯಾಕೆ ತಿಕ್ತೀರಾ ಅಂತ ಕೇಳೋಕೆ ಬಂದೆ."

ನಮ್ಮಿಬ್ಬರ ಮಾತೆಲ್ಲಾ ಇಂಗ್ಲಿಷಲ್ಲೇ, ಅವರದು ನಾರ್ವೆ ಇಂಗ್ಲಿಷು, ನನ್ನದು ಚಾಮರಾಜಪೇಟೆ ಇಂಗ್ಲಿಷು. ಆದ್ರೆ ನಾನು ಕನ್ನಡದಲ್ಲೇ ಬರೀತೀನಿ, ಅವರೇನು ಓದಲ್ಲ.

ಒಳಗೆ ಕರೆದು ಕೂರ್ಸಿದ್ರು. ಅಕ್ಕಿರೊಟ್ಟಿ ಮೇಲೆ ಅವರೂರಿನ ಕಂದು ಬಣ್ಣದ ಚೀಸ್ ತೆಳ್ಳಗೆ ಹೆರೆದು ಹಾಕ್ಕೊಂಡು ತಿಂದ್ರು. ನನಗೂ ಒಂದು ಚೂರು ಕೊಟ್ರು. ಖೋವಾ ಸೀಯ್ಸಿ ಉಪ್ಪು ಹಾಕಿದಂಗಿತ್ತು. ಚೆನ್ನಾಗಿದೆ ಅಂತಲೂ ಹೇಳೋಕಾಗಲ್ಲ, ಇನ್ನೊಂದು ಚೂರು ಬೇಡ ಅಂತಲೂ ಅನ್ಸಲ್ಲ. ಅವತ್ತಿಂದ ವಾರದಲ್ಲಿ ಎರಡು ಮೂರು ದಿನ ನಾನು ತಿಂಡಿ ತಗೊಂಡು ಹೋಗೋದು, ಅವರು ಉತ್ತರ ಹೇಳೋದು ಅಂತ ಆಯ್ತು. ನಾನು ಕೇಳಿದ್ದಕ್ಕೆಲ್ಲಾ ಉತ್ತರ ಕೊಟ್ರು, ಪಾಪ. ನಮ್ಮಲ್ಲಿ ಇದನ್ನ ವಿಚಾರಿಸ್ಕೊಳ್ಳೋದು ಅಂತೀವಿ. ಇಲ್ಲಿನೋರು ಇದಕ್ಕೆ ಬೇರೆ ಹೆಸರಿಡ್ತಾರೆ.

ಹುಟ್ಟಿದ್ದು ನಾರ್ವೆಯ ಉತ್ತರದ ಕಡೆ ಒಂದು ದ್ವೀಪ. ಅಪ್ಪ ಮೀನು ಒಣಗಿಸೋ ಕೆಲಸ. ಚಳಿಗಾಲದಲ್ಲಿ ವಾರಗಟ್ಟಲೆ ಸೂರ್ಯನೇ ಹುಟ್ಟಲ್ವಂತೆ.

"ಹಂಗಾದ್ರೆ ಸ್ನಾನ ಯಾವಾಗ ಮಾಡ್ತಿದ್ರಿ?" ಅಂದೆ.

"ಶನಿವಾರ" ಅಂದ್ರು.

ಸ್ಕೂಲ್ ಬ್ಯಾಂಡಿಗೆ ಯಾರೋ ಈ ಬೇಸ್ ಕೊಟ್ಟು ಹೋಗಿದ್ರಂತೆ. ಹೊರೋಕೆ ಆಗುತ್ತೆ ಅನ್ನೋ ಒಂದೇ ಕಾರಣಕ್ಕೆ ಕ್ಲಾಸಲ್ಲಿ ಎಲ್ಲರಿಗಿಂತ ಉದ್ದ ಇದ್ದ ಇವರ ಕೈಗೆ ಕೊಟ್ರು. "ನಾನು ಆರಿಸ್ಕೊಂಡಿದ್ದಲ್ಲ, ನನ್ನ ಅಳತೆ ಆರಿಸ್ಕೊಳ್ತು" ಅಂದ್ರು. ನನ್ನ ಮದುವೇನೂ ಹಂಗೇ ಆಗಿದ್ದು, ನಮ್ಮೆಜಮಾನ್ರಿಗೆ ಕುಳ್ಳಿ ಬೇಕಿತ್ತು. ಹೇಳ್ದೆ. ನಕ್ಕರು. ಅವರು ನಗೋದು ಅಂದ್ರೆ ಹುಬ್ಬು ಒಂದು ಸಲ ಮೇಲೆ ಹೋಗಿ ಕೆಳಗೆ ಬರೋದು, ಅಷ್ಟೇ.

ಆಮೇಲೆ ರಾಜಧಾನಿಗೆ ಹೋದ್ರು. ಆ ಕಾಲಕ್ಕೆ ಅಮೆರಿಕದ ದೊಡ್ಡ ದೊಡ್ಡ ಜಾಜ್ ವಾದ್ಯಗಾರರು ಯುರೋಪಿಗೆ ಒಬ್ಬೊಬ್ರೇ ಬರ್ತಿದ್ರಂತೆ, ಪಕ್ಕವಾದ್ಯದೋರನ್ನ ಆಯಾ ಊರಲ್ಲೇ ಹಿಡ್ಕೊಳ್ಳೋದು. ಇದು ನನಗೆ ತಕ್ಷಣ ಅರ್ಥ ಆಯ್ತು. ನಮ್ಮ ರಾಮೋತ್ಸವದ ಕಛೇರೀಲೂ ಹಂಗೇ ಅಲ್ವಾ, ಮೃದಂಗದೋರು ಹಾಡೋರ ಮುಖ ನೋಡೋದೇ ಸ್ಟೇಜ್ ಮೇಲೆ. ಇವರಿಗೂ ಏನು ನುಡಿಸ್ತಾರೆ ಅಂತ ಮೊದಲೇ ಹೇಳ್ತಿರ್ಲಿಲ್ವಂತೆ. ಬಂದೋರು ಎರಡು ಸ್ವರ ಊದಿದ್ರೆ ಮೂರನೇದಕ್ಕೆ ಇವರು ಅಡಿಯಲ್ಲಿರ್ಬೇಕು.

"ತಪ್ಪಾದ್ರೆ?"

"ಅವರು ತಿರುಗಿ ನೋಡ್ತಾರೆ."

"ಸರಿ ಇದ್ರೆ?"

"ನೋಡಲ್ಲ. ನನ್ನ ಇಡೀ ಜೀವನದಲ್ಲಿ ಒಳ್ಳೊಳ್ಳೆ ಬೆನ್ನು ನೋಡಿದೀನಿ."

ಅಂಥಾ ಒಬ್ಬ ಸ್ಯಾಕ್ಸೋಫೋನಿನೋರು, "ನನ್ನ ಜೊತೆ ಬಾ" ಅಂತ ಅಮೆರಿಕಕ್ಕೆ ಕರ್ಕೊಂಡು ಬಂದ್ರು. ಸಿಯಾಟಲ್‌ಗೆ ಬರೋ ಹೊತ್ತಿಗೆ ಆ ಮನುಷ್ಯರಿಗೆ ಹುಷಾರಿಲ್ದೆ ಟೂರ್ ನಿಂತೇ ಹೋಯ್ತು. ಅದೇ ಊರಿನ ಬ್ಯಾಲರ್ಡಲ್ಲಿ ಇವರ ಸೋದರತ್ತೆ ಇದ್ರು. ಅಲ್ಲಿ ಆಗ ಮೀನಿನ ದೋಣಿಯೋರೆಲ್ಲಾ ನಾರ್ವೆಯೋರೇ. ಅತ್ತೆ ಮನೇಲಿ ಒಂದು ವಾರ ಅಂತ ಉಳಿದೋರು ಇನ್ನೂ ಈ ದೇಶದಲ್ಲೇ ಇದಾರೆ. ಹಗಲು ದೋಣಿಗಳಿಗೆ ಪೇಂಟ್ ಹೊಡೆಯೋದು, ಸಾಯಂಕಾಲ ಬೇಸ್. ಯಾರ್ಯಾರದೋ ರೆಕಾರ್ಡ್, ಯಾರ್ಯಾರದೋ ಮದುವೆ, ಊರ ಮಧ್ಯದ ಡೆನ್ನಿ ಟ್ರಯಾಂಗಲ್‌ನ ಹೋಟೆಲ್ ಲಾಬಿ, ಚರ್ಚು. ತಮ್ಮದೇ ಎರಡು ಮದುವೆ. ಯಾಕೆ ನಿಲ್ಲಲಿಲ್ಲ ಅಂತ ಕೇಳ್ದೆ. ಕೇಳ್ದೆ ಇರ್ತೀನಾ?

"ಮೊದಲನೆಯವಳು ಬೇಸ್ ಬೇಕೋ ನಾನು ಬೇಕೋ ಅಂದ್ಳು. ಎರಡನೆಯವಳು ಕೇಳ್ಲೇ ಇಲ್ಲ, ಅವಳಿಗೆ ಗೊತ್ತಿತ್ತು."

ಎಲ್ಲಾ ಸರಿ, ನನಗೆ ತಲೆಗೆ ಹತ್ತದೇ ಇದ್ದಿದ್ದು ಒಂದೇ: ಇಷ್ಟು ವರ್ಷ ನುಡಿಸಿದೀರಾ, ನಿಮ್ಮ ಹೆಸರಲ್ಲಿ ಒಂದು ಕಛೇರಿ ಇಲ್ಲ, ಒಂದು ರೆಕಾರ್ಡ್ ಇಲ್ಲ, ಇದೆಂಥಾ ಲೆಕ್ಕ? ಅದಕ್ಕೆ ಅವರು, "ನಮ್ಮೂರಲ್ಲಿ ಯಾರೂ ಸಾಲು ಬಿಟ್ಟು ಮುಂದೆ ನಿಲ್ಲಲ್ಲ. ನಿಂತ್ರೆ ಅಮ್ಮ ಕಿವಿ ಹಿಂಡೋಳು" ಅಂದ್ರು. ನಮ್ಮೂರಲ್ಲಿ ಮುಂದೆ ನಿಲ್ದೆ ಇದ್ರೆ ಅಮ್ಮ ಕಿವಿ ಹಿಂಡೋಳು. ಪ್ರಪಂಚ ಎಷ್ಟು ವಿಚಿತ್ರ ನೋಡಿ.

ಗುರುವಾರ ಬ್ಯಾಲರ್ಡಲ್ಲಿ ಒಂದು ಊಟದ ಕ್ಲಬ್ಬಿನಲ್ಲಿ ನುಡಿಸ್ತೀನಿ, ಬರ್ತೀರಾ ಅಂದ್ರು. ಅವರ ಹಳೇ ಸ್ಟೇಷನ್ ವ್ಯಾಗನ್‌ನಲ್ಲಿ ಹೊರಟ್ವಿ. ಮುಂದಿನ ಸೀಟು ಮಲಗಿಸಿ ಬೇಸಿನ ಕುತ್ತಿಗೆ ಅಲ್ಲಿಟ್ಟು ಸೀಟ್ ಬೆಲ್ಟ್ ಹಾಕಿದ್ರು. ನಾನು ಹಿಂದೆ ಮೂಲೇಲಿ, ಹೊಸಾ ಸೊಸೆ ಹಾಗೆ ಮುದುರ್ಕೊಂಡು ಕೂತೆ. 405 ಹೈವೇಲಿ ಬ್ರೇಕ್ ಹಾಕಿದಾಗೆಲ್ಲಾ ಅವರ ಬಲಗೈ ಬೇಸ್ ಮೇಲೆ ಹೋಗೋದು, ನನ್ನ ಕಡೆ ತಿರುಗೂ ನೋಡ್ಲಿಲ್ಲ.

ಕ್ಲಬ್ಬಲ್ಲಿ ಬೇಸಿಗೆಯ ಬಿಸಿಲು ಇನ್ನೂ ಕಿಟಕೀಲಿತ್ತು. ಜನ ಊಟ ಮಾಡ್ತಾ ಇದ್ರು. ಪಿಯಾನೋದ ಒಬ್ಬಾಕೆ, ಡ್ರಮ್ಮಿನ ಒಬ್ಬರು ಗಡ್ಡದೋರು, ಹಿಂದೆ ನಮ್ಮ ಬೇಸ್‌ನವರು. ಆ ಗಡ್ಡದೋರು ಬಾರಿಸೋದು ನೋಡಿದ್ರೆ ಪಾತ್ರೆ ಅಂಗಡಿಗೆ ಗೂಳಿ ನುಗ್ಗಿದ ಹಾಗೆ. ಬೇಸ್ ಎಲ್ಲಿ ಕೇಳುತ್ತೆ ಅಂತ ಹುಡುಕ್ತಾ ಇದ್ದೆ. ನನ್ನ ಕಷ್ಟ ಬೇಸ್‌ನವರಿಗೆ ಕಾಣಿಸ್ತೇನೋ, ಒಂದು ಹಾಡಿನ ಮಧ್ಯೆ ನನ್ನ ಕಡೆ ನೋಡಿ ಟಕ್ಕಂತ ತಂತಿ ಮೇಲಿಂದ ಕೈ ಎತ್ತಿಬಿಟ್ರು. ಪಿಯಾನೋ ನಡೀತಾ ಇದೆ, ಡ್ರಮ್ ನಡೀತಾ ಇದೆ. ಆದ್ರೆ ಊಟ ಮಾಡ್ತಿದ್ದೋರೆಲ್ಲಾ ಫೋರ್ಕ್ ಹಿಡ್ಕೊಂಡು ತಲೆ ಎತ್ತಿದ್ರು, ಲೈಟ್ ಹೋದಾಗ ಎತ್ತಲ್ವಾ ಹಾಗೆ. ಏನು ಹೋಯ್ತು ಅಂತ ಒಬ್ಬರಿಗೂ ಗೊತ್ತಿಲ್ಲ. ಮತ್ತೆ ಕೈ ಇಟ್ರು. ಎಲ್ಲಾ ತಲೆ ಬಗ್ಗಿಸಿ ತಿನ್ನೋಕೆ ಶುರು ಮಾಡಿದ್ರು. ನಾನು ಬಾಯಿ ಮೇಲೆ ಸೆರಗಿಟ್ಕೊಂಡು ನಕ್ಕಿದ್ದೇ ನಕ್ಕಿದ್ದು.

ಆದ್ರೆ ಬೇಸ್ ಒಂದೇ ನುಡಿಸೋ ಸರದಿ ಬಂತು ನೋಡಿ, ಪಿಯಾನೋ ನಿಲ್ತು, ಡ್ರಮ್ ಮೆತ್ತಗಾಯ್ತು, ಆಗ ಇಡೀ ಕ್ಲಬ್ ಮಾತಾಡೋಕೆ ಶುರು! ಬಿಲ್ ಕೇಳೋರು, ಬಾತ್‌ರೂಮಿಗೆ ಏಳೋರು. ನಮ್ಮಲ್ಲಿ ತನಿ ಆವರ್ತನಕ್ಕೆ ಕ್ಯಾಂಟೀನಿಗೆ ಓಡ್ತಾರಲ್ಲ, ಅದೇ ಜಾತಿ.

ವಾಪಸ್ ಬರ್ತಾ ಕೇಳ್ದೆ, ಬೇಜಾರಾಗಲ್ವಾ ಅಂತ. ಅದಲ್ಲ ಬೇಜಾರು ಅಂದ್ರು. ಕ್ಲಬ್ಬಿಗೆ ಹೊಸ ಮ್ಯಾನೇಜರ್ ಬಂದಿದಾನೆ, ಗುರುವಾರಕ್ಕೆ ಚಿಕ್ಕ ವಯಸ್ಸಿನೋರನ್ನ ಹಾಕೋಣ ಅಂತಿದಾನೆ, ಈ ತಿಂಗಳ ಕೊನೇಲಿ ಹೇಳ್ತಾನಂತೆ. ಹೋಟೆಲ್ ಲಾಬಿಗಳೆಲ್ಲಾ ಯಾವಾಗಲೋ ನಿಂತಿದ್ವು. ಉಳಿದಿದ್ದು ಗುರುವಾರ ಒಂದೇ.

"ಅದೂ ಹೋದ್ರೆ?"

"ಬೇಸ್ ಮಾರಿ ನಾರ್ವೆಗೆ. ತಂಗಿ ಇದಾಳೆ."

"ಯಾಕ್ರೀ, ಮನೇಲೇ ನುಡಿಸ್ಕೊಂಡು ಇರಿ. ಕೇಳೋಕೆ ನಾನಿದೀನಿ, ಗೋಡೆ ಇದೆ."

"ಇದು ಒಬ್ಬನೇ ನುಡಿಸೋ ವಾದ್ಯ ಅಲ್ಲ" ಅಂದ್ರು.

ನಾನು ಮಲಗೋಕೆ ಮುಂಚೆ ತೀರ್ಮಾನ ಮಾಡಿದೆ. ಆ ಮ್ಯಾನೇಜರ್‌ಗೆ ಈ ಮನುಷ್ಯ ಎಷ್ಟು ದೊಡ್ಡೋರು ಅಂತ ಗೊತ್ತಿಲ್ಲ, ಅಷ್ಟೇ ತಾನೇ? ಗೊತ್ತು ಮಾಡಿಸ್ಬೇಕು. ದೊಡ್ಡೋರು ಅಂತ ನಾಲ್ಕು ಜನಕ್ಕೆ ಗೊತ್ತು ಮಾಡ್ಸೋಕೆ ನಮ್ಮೋರು ಏನು ಮಾಡ್ತಾರೆ? ಸನ್ಮಾನ! ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಒಂದು ಸಲ ಶಾಲು ಬಿತ್ತು ಅಂದ್ರೆ ಆ ಮನುಷ್ಯರನ್ನ ಅಲ್ಲಾಡಿಸೋಕೆ ಯಾರಿಗಾಗುತ್ತೆ?

ನಮ್ಮ ಮಂಗಳವಾರದ ಭಜನೆ ಗುಂಪಲ್ಲಿ ಮೈಸೂರಿನ ಗೆಳತಿ ಒಬ್ಬಳಿದಾಳೆ. ನಮ್ಮ ಕನ್ನಡ ಅಸೋಸಿಯೇಷನ್ನಿನ ಎಲ್ಲಾ ಸನ್ಮಾನದ ಸಾಮಾನು ಅವಳ ಗರಾಜಲ್ಲೇ ಇರೋದು. ಪೆಟ್ಟಿಗೆ ತುಂಬಾ ಶಾಲು. ಹೋಗಿ ಹೇಳ್ದೆ.

"ಅಕ್ಕಾ, ಜಾಜ್ ಕ್ಲಬ್ಬಲ್ಲಿ ಸನ್ಮಾನಾನಾ? ಅವರಿಗೆ ಅರ್ಥ ಆಗುತ್ತಾ?"

"ಶಾಲು ಅರ್ಥ ಆಗೋಕೆ ಭಾಷೆ ಬೇಕೇನೇ? ಚಳಿ ದೇಶದೋರು, ನಮಗಿಂತ ಚೆನ್ನಾಗೇ ಅರ್ಥ ಆಗುತ್ತೆ."

"ಅವರನ್ನ ಒಂದು ಮಾತು ಕೇಳಿದೀರಾ?"

"ಸನ್ಮಾನ ಮಾಡ್ತೀವಿ ಅಂತ ಕೇಳಿದ್ರೆ ಯಾರಾದ್ರೂ ಹೂಂ ಅಂತಾರಾ? ಬೇಡ ಬೇಡ ಅಂತ ಅವರು ಹೇಳ್ಬೇಕು, ನಾವು ಬಲವಂತವಾಗಿ ಹೊದಿಸ್ಬೇಕು. ಅದೇ ಮರ್ಯಾದೆ."

ಅವಳು ಇನ್ನೂ ಏನೋ ಹೇಳೋಕೆ ಬಾಯಿ ತೆಗೆದ್ಳು. ನಾನು ಅಷ್ಟೊತ್ತಿಗೆ ಶಾಲಿನ ಬಣ್ಣ ಆರಿಸ್ತಾ ಇದ್ದೆ. ನೀಲಿ ಸ್ವೆಟರಿಗೆ ಮೆರೂನ್ ಒಪ್ಪುತ್ತೆ ಅಂತ ಜರಿ ಅಂಚಿನದು ತೆಗೆದೆ.

ತಿಂಗಳ ಕೊನೇ ಗುರುವಾರ ಇಡೀ ಭಜನೆ ಗುಂಪು ರೇಷ್ಮೆ ಸೀರೆ ಉಟ್ಕೊಂಡು ಎರಡು ಕಾರಲ್ಲಿ ಬ್ಯಾಲರ್ಡಿಗೆ ಹೋಯ್ತು. ಮುಂದಿನ ಟೇಬಲ್ಲುಗಳೆಲ್ಲಾ ನಮ್ಮದೇ. ಸೂಪಲ್ಲಿ ಕೋಳಿ ಇದ್ಯಾ, ಸಾಸಲ್ಲಿ ಮೀನಿದ್ಯಾ ಅಂತ ಬಡಿಸೋ ಹುಡುಗಿಯ ಜೀವ ತಿಂದು, ಕೊನೆಗೆ ಎಲ್ಲರೂ ಫ್ರೆಂಚ್ ಫ್ರೈಸ್ ತರ್ಸಿದ್ರು. ಬೇಸ್‌ನವರು ನಮ್ಮನ್ನ ನೋಡಿ ಹುಬ್ಬು ಎತ್ತಿದ್ರು. ಅದು ಕೆಳಗೆ ಬರೋಕೆ ತುಂಬಾ ಹೊತ್ತಾಯ್ತು.

ಬೇಸ್ ಸರದಿ ಬಂದಾಗ ಒಬ್ಬರೂ ಮಾತಾಡ್ಬಾರ್ದು ಅಂತ ಕಾರಲ್ಲೇ ಎಲ್ಲರಿಗೂ ತಾಕೀತು ಮಾಡಿದ್ದೆ. ಮಾತಾಡ್ಲಿಲ್ಲ. ಆದ್ರೆ ಕೈ ಸುಮ್ನಿರ್ಬೇಕಲ್ಲ? ನಮಗೆ ಸಂಗೀತ ಕೇಳಿದ್ರೆ ತೊಡೆ ಮೇಲೆ ಕೈ ತಾನಾಗಿ ಹೋಗುತ್ತೆ. ಲೆಕ್ಕ ಹಾಕಿದ್ರೆ ಎಂಟಕ್ಕೆ ಬಂತು. ಸರಿ, ಆದಿ ತಾಳ ಅಂತ ಎಲ್ಲರೂ ಒಟ್ಟಿಗೆ ಹಾಕೋಕೆ ಶುರು ಮಾಡಿದ್ವಿ. ಬಳೆ ಸದ್ದು ಬೇರೆ. ಅಲ್ಲಿನ ಜನ ಎರಡನೇದಕ್ಕೆ, ನಾಲ್ಕನೇದಕ್ಕೆ ಚಿಟಿಕೆ ಹೊಡೆಯೋರು, ನಾವು ಒಂದನೇದಕ್ಕೇ ಪಟ್ಟಂತ ಹೊಡೆಯೋರು. ಡ್ರಮ್ಮಿನ ಗಡ್ಡದೋರು ಕಣ್ಣು ಕಣ್ಣು ಬಿಟ್ರು. ಎಲ್ಲಿದೀನಿ ಅಂತ ಅವರಿಗೇ ತಪ್ಪಿ ಹೋಗಿ ಕೈ ಕಟ್ಕೊಂಡು ಕೂತ್ರು. ಆಗ ಬೇಸ್‌ನವರು ಕಣ್ಣು ಮುಚ್ಚಿದ್ರು. ನಮ್ಮ ಏಟು ಬೀಳೋ ಕಡೆ ಒಂದು ದೊಡ್ಡ ಸ್ವರ ಇಟ್ರು, ಮಧ್ಯದ ಜಾಗದಲ್ಲೆಲ್ಲಾ ಸುತ್ತಾಡ್ಕೊಂಡು ಬಂದು ಮತ್ತೆ ಸರಿಯಾಗಿ ನಮ್ಮ ಏಟಿಗೆ. ಒಂದೊಂದು ಸಲ ಬರಲ್ಲ ಬರಲ್ಲ ಅನ್ನಿಸಿ ಕೊನೇ ಗಳಿಗೇಲಿ ಬಂದು ಕೂರೋರು. "ಭಲೇ!" ಅಂತ ಕೂಗೇಬಿಟ್ಟೆ. ಹಿಂದಿನ ಟೇಬಲ್ಲಿನೋರು ಬಿಲ್ ಕೇಳೋದು ಬಿಟ್ಟು ನೋಡ್ತಾ ಇದ್ರು.

ಇದೇ ಸಮಯ ಅಂತ ಎದ್ದು ಮೈಕ್ ಹಿಡ್ಕೊಂಡೆ. ಮೈಸೂರಿನವಳು ತಟ್ಟೆ ತಂದ್ಳು. ಅವರು "ನೋ ನೋ" ಅಂದ್ರು. ನೋಡಿದ್ರಾ, ಬೇಡ ಅಂದೇ ಅಂತಾರೆ ಅಂತ ಹೇಳಿರ್ಲಿಲ್ವಾ? ನನಗೆ ಹೆಗಲು ಎಟುಕ್ಲಿಲ್ಲ, ಕುರ್ಚಿ ಹತ್ತಿ ಶಾಲು ಹೊದಿಸ್ದೆ. ಪೇಟ ಅವರ ತಲೆಗೆ ಚಿಕ್ಕದಾಯ್ತು, ಜಾರಿ ಬೀಳೋದನ್ನ ಪಿಯಾನೋದಾಕೆ ಹಿಡಿದು ಬೇಸಿನ ತಲೆ ಮೇಲಿಟ್ರು. ಅದಕ್ಕೆ ಸರಿಯಾಗಿ ಕೂತ್ಕೊಳ್ತು. ಹಾರಾನೂ ಅದಕ್ಕೇ ಹಾಕಿದ್ವಿ. ಆಮೇಲೆ ನಾನು ಭಾಷಣ ಮಾಡ್ದೆ. ನಮ್ಮಲ್ಲಿ ಸನ್ಮಾನಕ್ಕೆ ಏನು ಹೇಳ್ತಾರೋ ಅದನ್ನೇ ಇಂಗ್ಲಿಷಲ್ಲಿ ಹೇಳ್ದೆ: ಇಷ್ಟು ದೀರ್ಘ ಕಾಲ ಸಂಗೀತದ ಸೇವೆ ಮಾಡಿದಾರೆ, ನಾವೆಲ್ಲಾ ಅವರಿಗೆ ಋಣಿಗಳು, ಮುಂದಿನ ಅವರ ಜೀವನ ಸುಖವಾಗಿ, ಶಾಂತಿಯಿಂದ, ಆರೋಗ್ಯವಾಗಿ ಸಾಗಲಿ ಅಂತ ದೇವರನ್ನ ಬೇಡ್ಕೊಳ್ತೀವಿ.

ಆಮೇಲೆ ಬಾರಿನ ಹಿಂದಿಂದ ಆ ಮ್ಯಾನೇಜರ್ ಬಂದ, ಕಣ್ಣಲ್ಲಿ ನೀರು. ನನ್ನ ಕೈಯಿಂದ ಮೈಕ್ ತಗೊಂಡು, "ಇವರು ರಿಟೈರ್ ಆಗ್ತಿದಾರೆ ಅಂತ ನನಗೂ ಗೊತ್ತಿರ್ಲಿಲ್ಲ. ಇಷ್ಟು ಸುಂದರವಾದ ಬೀಳ್ಕೊಡುಗೆ ನಾನು ನೋಡೇ ಇಲ್ಲ. ಥ್ಯಾಂಕ್ಯೂ ಫಾರ್ ಎ ವಂಡರ್‌ಫುಲ್ ಕೆರಿಯರ್!" ಅಂದ. ಇಡೀ ಕ್ಲಬ್ ಎದ್ದು ನಿಂತು ಚಪ್ಪಾಳೆ. ಯಾರೋ ಹೆಂಗಸು ಕರ್ಚೀಫ್ ತೆಗೆದು ಅತ್ತಳು. ಎಲ್ಲರಿಗೂ ಫ್ರೀ ಕೇಕ್ ಬಂತು.

ನಾನು "ಇಲ್ಲ, ಇಲ್ಲ" ಅಂತ ಬಾಯಿ ತೆಗೆದೆ. ಚಪ್ಪಾಳೇಲಿ ಯಾರಿಗೆ ಕೇಳುತ್ತೆ? ಮೈಸೂರಿನವಳು ನನ್ನ ಕಿವೀಲಿ, "ಅಕ್ಕಾ, ನಮ್ಮಲ್ಲಿ ಎಲ್ಲದಕ್ಕೂ ಶಾಲು ಹೊದಿಸ್ತೀವಿ. ಇಲ್ಲಿನೋರಿಗೆ ರಿಟೈರ್‌ಮೆಂಟ್ ಒಂದಕ್ಕೇ ಇಂಥಾ ಪಾರ್ಟಿ. ಅವತ್ತು ಅದನ್ನೇ ಹೇಳೋಕೆ ಬಂದೆ, ನೀವು ಬಣ್ಣ ಆರಿಸ್ತಿದ್ರಿ" ಅಂದ್ಳು. ಬೇಸ್‌ನವರು ಶಾಲು ಹೊದ್ಕೊಂಡು ನಿಂತೇ ಇದ್ರು. ಮೈಕ್ ಕೊಟ್ಟಾಗ "ಥ್ಯಾಂಕ್ಸ್" ಅಂತ ಒಂದೇ ಮಾತು ಹೇಳಿದ್ರು.

ವಾಪಸ್ ಅವರ ಕಾರಲ್ಲೇ ಬಂದೆ. ಮುಂದಿನ ಸೀಟಲ್ಲಿ ಬೇಸು, ಕುತ್ತಿಗೇಲಿ ಹಾರ. ಕಾರು 405 ಹತ್ತಿದ ಮೇಲೆ ಅವರು ಬಾಯಿ ಬಿಟ್ರು.

"ಇವತ್ತು ರಿಟೈರ್ ಆದೆ ಅಂತ ನನಗೇ ಗೊತ್ತಿರ್ಲಿಲ್ಲ."

"ನಾಳೆ ಬೆಳಿಗ್ಗೆ ಹೋಗಿ ಅವನಿಗೆ ಹೇಳ್ತೀನಿ. ನಂದು ತಪ್ಪು, ಇವರು ಎಲ್ಲೂ ಹೋಗಲ್ಲ ಅಂತ."

"ಬೇಡ. ಜನ ಅಷ್ಟು ಚೆನ್ನಾಗಿ ಅತ್ತಿದಾರೆ. ಅಳು ವಾಪಸ್ ಕೊಡಿ ಅಂತ ಹೇಗೆ ಕೇಳೋದು?"

ಆದ್ರೂ ನಾನು ಹೋದೆ. ಬಸ್ ಹತ್ತಿ, ಇನ್ನೊಂದು ಬಸ್ ಹತ್ತಿ, ಹಗಲು ಹೊತ್ತಲ್ಲಿ ಖಾಲಿ ಕ್ಲಬ್ಬಿಗೆ ಹೋದೆ. ಮ್ಯಾನೇಜರ್ ಒಳ್ಳೆಯವನೇ, ಕಾಫಿ ಕೊಟ್ಟ. ಆದ್ರೆ ಗುರುವಾರಕ್ಕೆ ಆಗಲೇ ಒಬ್ಬ ಹುಡುಗನ ತಂಡಕ್ಕೆ ಮಾತು ಕೊಟ್ಟಾಗಿತ್ತು. "ಅವರಿಗೆ ಹೇಗೆ ಹೇಳೋದು ಅಂತ ನಾನು ತಿಂಗಳಿಡೀ ನಿದ್ದೆಗೆಟ್ಟಿದ್ದೆ. ನೀವು ಬಂದು ನನ್ನ ಕೆಲಸ ಸುಲಭ ಮಾಡಿದ್ರಿ" ಅಂತ ನನ್ನ ಕೈ ಹಿಡ್ಕೊಂಡು ಥ್ಯಾಂಕ್ಸ್ ಹೇಳ್ದ. ಜೀವನದಲ್ಲಿ ಅಷ್ಟು ಕಹಿ ಥ್ಯಾಂಕ್ಸ್ ಯಾರೂ ಹೇಳಿಲ್ಲ ನನಗೆ.

ಗುರುವಾರ ಹೋಯ್ತು. ಬೆಳಿಗ್ಗೆ ಡಬರಿ ಅದುರ್ಲಿಲ್ಲ, ಮಾರನೇ ದಿನಾನೂ ಇಲ್ಲ. ಬೇಸ್ ನೋಡೋಕೆ ಯಾರೋ ಬರ್ತಾರೆ, ಕೊಳ್ಳೋರು ಅಂದ್ರು. ನಾನು ಚಿತ್ರಾನ್ನ ತಗೊಂಡು ಅವರ ಮನೆಗೆ ಹೋಗಿ, ಆ ಬರೋ ಮನುಷ್ಯನ್ನ ಬಾಗಿಲಲ್ಲೇ ವಾಪಸ್ ಕಳಿಸೋದು ಹೇಗೆ ಅಂತ ಯೋಚನೆ ಮಾಡ್ತಾ ಕೂತಿದ್ದೆ. ಆಗ ಅವರ ಫೋನ್ ಬಡ್ಕೊಳ್ತು.

ಪೋರ್ಟ್‌ಲ್ಯಾಂಡಿನ ಒಬ್ಬ ಗಾಯಕಿ. ಯಾವ ಕಾಲದಲ್ಲೋ ಇವರು ಅವಳ ಹಿಂದೆ ನುಡಿಸಿದ್ರಂತೆ. ಫೋನ್ ಸ್ಪೀಕರಲ್ಲಿತ್ತು, ನನ್ನ ತಪ್ಪಲ್ಲ, ಕೇಳಿಸ್ತು.

"ರಿಟೈರ್ ಆಗ್ತಿದೀಯಂತೆ! ನನಗೆ ಹೇಳ್ದೆ ಹೇಗೆ ಹೋಗ್ತೀಯಾ? ನನ್ನ ಜೊತೆ ಒಂದು ಕೊನೇ ಸಲ ನುಡಿಸ್ಬೇಕು."

ಇವರು "ನಾನು ರಿಟೈರ್..." ಅಂತ ಶುರು ಮಾಡಿದ್ರು. ನಾನು ಮೇಜಿನ ಕೆಳಗೆ ಅವರ ಕಾಲಿಗೆ ಒದ್ದೆ. ಅವರು ನನ್ನ ನೋಡಿದ್ರು. ನಾನು ತಲೆ ಆಡಿಸ್ದೆ.

"...ಆಗ್ತಾ ಇದೀನಿ. ಯಾವತ್ತು?" ಅಂದ್ರು.

ಆಮೇಲೆ ನೋಡಿ! ಟಕೋಮಾದ ಟ್ರಂಪೆಟಿನೋರು, ಯೂನಿವರ್ಸಿಟೀಲಿ ಪಾಠ ಮಾಡೋ ಪಿಯಾನೋದೋರು. ಇಷ್ಟು ವರ್ಷ ಬೆನ್ನು ತೋರಿಸಿ ನಿಂತಿದ್ದೋರೆಲ್ಲಾ ಒಟ್ಟಿಗೆ ತಿರುಗಿ ನೋಡಿದಂಗಾಯ್ತು. ಇವರು ಇದಾರೆ ಅಂತ ಗೊತ್ತಿದ್ದಾಗ ಯಾರೂ ಕರೀಲಿಲ್ಲ, ಹೋಗ್ತಾರೆ ಅಂದಿದ್ದೇ ಎಲ್ಲರಿಗೂ ಬೇಕು. ಬೇಸ್ ಕೊಳ್ಳೋಕೆ ಬಂದೋರಿಗೆ ಚಿತ್ರಾನ್ನ ಹಾಕಿ ಕಳಿಸಿದ್ವಿ.

ಕೊನೆಗೆ ಬ್ಯಾಲರ್ಡಿನ ನಾರ್ವೆಯೋರು ತಮ್ಮ ಸಂಘದ ಹಾಲ್‌ನಲ್ಲಿ ಒಂದು ಬೀಳ್ಕೊಡುಗೆ ಕಛೇರಿ ಇಟ್ಕೊಂಡ್ರು. ಪೋಸ್ಟರಿಗೆ ಹೆಸರು ಬೇಕಲ್ಲ? ಇವರು ಪಿಯಾನೋದಾಕೆ ಹೆಸರು ಮೇಲೆ ಹಾಕಿ ಅಂದ್ರಂತೆ. "ಅಜ್ಜಾ, ಬೀಳ್ಕೊಡುಗೆ ನಿಮಗೆ, ಅವಳಿಗಲ್ಲ" ಅಂತ ಅವರ ಹೆಸರನ್ನೇ ಮೇಲೆ, ದಪ್ಪಕ್ಷರದಲ್ಲಿ ಹಾಕಿದ್ರು. ಪೋಸ್ಟರ್ ತಂದು ನನ್ನ ಮುಂದಿಟ್ಟು, ಪೊಲೀಸ್ ನೋಟಿಸ್ ಬಂದಂಗೆ ಮುಖ ಮಾಡ್ಕೊಂಡು ಕೂತ್ರು.

"ಹಾಡು ನಾನೇ ಆರಿಸ್ಬೇಕಂತೆ. ಮೈಕಲ್ಲಿ ಮಾತೂ ಆಡ್ಬೇಕಂತೆ. ಏನು ಹೇಳ್ಬೇಕು?"

"ಎಲ್ಲರಿಗೂ ನಮಸ್ಕಾರ ಅನ್ನಿ. ಒಂದು ಜೋಕ್ ಹೇಳಿ. ಕೂತ್ಕೊಳ್ಳಿ."

"ಬೇಸ್ ನಿಂತ್ಕೊಂಡು ನುಡಿಸೋದು."

"ಅದೇ ಜೋಕ್ ಹೇಳಿ."

ಭಾನುವಾರ ಮಧ್ಯಾಹ್ನ. ಮಗಳೂ ಬಂದಿದ್ಳು, "ಅಮ್ಮಾ, ಪ್ಲೀಸ್ ಡೋಂಟ್ ಡೂ ಎನಿಥಿಂಗ್" ಅಂತ ದಾರಿಯುದ್ದಕ್ಕೂ ಹೇಳ್ಕೊಂಡು. ನಾನೇನೂ ಮಾಡ್ಲಿಲ್ಲ, ತಾಳ ಹಾಕ್ಬಾರ್ದು ಅಂತ ಕೈ ಕಟ್ಕೊಂಡು ಕೂತಿದ್ದೆ. ಇವರು ಪಿಯಾನೋ ಜೊತೆ, ಡ್ರಮ್ ಜೊತೆ ಒಂದಷ್ಟು ನುಡಿಸಿದ್ರು. ಆಮೇಲೆ ಅವರಿಬ್ಬರಿಗೂ ಕೈ ಸನ್ನೆ ಮಾಡಿ ಕೂರ್ಸಿ, ಬೇಸ್ ತಗೊಂಡು ಒಬ್ಬರೇ ಮುಂದೆ ಬಂದು ನಿಂತ್ರು. ಅಂಚಿಗೆ. ಎಲ್ಲರಿಗಿಂತ ಮುಂದೆ.

"ಇದು ನಮ್ಮಮ್ಮ ಒಣಗ್ಸೋಕೆ ಮೀನು ಕಟ್ಟೋವಾಗ ಗುನುಗ್ತಿದ್ದಿದ್ದು. ಹೆಸರು ಗೊತ್ತಿಲ್ಲ" ಅಂದ್ರು. ಕಮಾನು ಎಳೆದ್ರು. ಮೊದಲು ಒಂದೇ ಸ್ವರ, ತುಂಬಾ ಹೊತ್ತು. ಅದರಿಂದ ನಿಧಾನಕ್ಕೆ ಇನ್ನೊಂದು ಎದ್ದು ಬಂತು, ಅದರ ಹಿಂದೆ ಮತ್ತೊಂದು. ಅದನ್ನ ಹೇಗೆ ಬರೆಯೋದು ಅಂತ ಈ ಫೋನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಮುಂದಿನ ಸಾಲಲ್ಲಿ ಒಬ್ಬ ಮುದುಕಿ ಜೊತೆಗೆ ಗುನುಗೋಕೆ ಶುರು ಮಾಡಿದ್ಳು, ಆಮೇಲೆ ಇನ್ನೊಬ್ಬಳು. ಎದ್ದು ಹೋಗೋರಿಲ್ಲ, ಬಿಲ್ ಕೇಳೋರಿಲ್ಲ. ಇದು ಒಬ್ಬನೇ ನುಡಿಸೋ ವಾದ್ಯ ಅಲ್ಲ ಅಂದಿದ್ದೋರು ಒಬ್ಬರೇ ನಿಂತು ನುಡಿಸ್ತಾ ಇದ್ರು. ಮಗಳು ಮೆಲ್ಲಗೆ ನನ್ನ ಕೈ ಹಿಡ್ಕೊಂಡ್ಳು. ಮತ್ತೆ ಏನಾದ್ರೂ ಮಾಡ್ತೀನಿ ಅಂತ ಹೆದರಿಕೆಗೋ, ಇಲ್ಲ ಬೇರೆ ಕಾರಣಕ್ಕೋ, ಕೇಳ್ಲಿಲ್ಲ. ಅದೊಂದು ಕೇಳ್ಲಿಲ್ಲ ನೋಡಿ ನಾನು.

ಎಲ್ಲಾ ಮುಗಿದ್ಮೇಲೆ ಪಾರ್ಕಿಂಗಲ್ಲಿ ಅವರು ಬೇಸ್‌ಗೆ ಚೀಲ ಹಾಕ್ತಿದ್ರು. ಪಕ್ಕದಲ್ಲಿ ಗಡ್ಡದ ಡ್ರಮ್ಮರ್ ವ್ಯಾನಿಗೆ ತಮ್ಮ ಸಾಮಾನು ಧಡ ಧಡ ಅಂತ ತುಂಬ್ತಾ, ಬೇಸ್‌ನವನಿಗೆ ಊರೂರಲ್ಲಿ ಬೀಳ್ಕೊಡುಗೆ, ನಮ್ಮನ್ನ ಕೇಳೋರೇ ಇಲ್ಲ ಅಂತ ಗೊಣಗ್ತಾ ಇದ್ರು. ಮುಂದಿನ ತಿಂಗಳು ಎಲ್ಲಿ ಅಂತ ಕೇಳ್ದೆ. ಟಕೋಮಾದಲ್ಲಿ, ಆಮೇಲೆ ಪೋರ್ಟ್‌ಲ್ಯಾಂಡಲ್ಲಿ ಇನ್ನೊಂದು ಸಲ, ಅಲ್ಲಿನೋರಿಗೆ ಒಂದು ಕೊನೇ ಸಲ ಸಾಲ್ಲಿಲ್ವಂತೆ ಅಂದ್ರು ಬೇಸ್‌ನವರು.

ನಾನು ಸೊಂಟದ ಮೇಲೆ ಕೈ ಇಟ್ಕೊಂಡು, "ನೋಡಿದ್ರಾ, ಎಲ್ಲಾ ನನ್ನ ಕೈಗುಣ. ಟಕೋಮಾಗೂ ಒಂದು ಶಾಲು ತರ್ಲಾ?" ಅಂದೆ.

ಅವರು ಚೀಲದ ಜಿಪ್ ಎಳೆದು, ಹುಬ್ಬು ಎತ್ತದೆ, ಡ್ರಮ್ಮರ್ ಕಡೆ ಗದ್ದ ತೋರಿಸಿ ಹೇಳಿದ್ರು:

"ತನ್ನಿ. ಈ ಸಲ ಅವನಿಗೆ ಹೊದಿಸಿ. ಅವನು ಬಾರಿಸೋದನ್ನ ನಿಲ್ಲಿಸೋಕೆ ನಾನು ಎಷ್ಟೋ ವರ್ಷದಿಂದ ಒದ್ದಾಡ್ತಾ ಇದೀನಿ, ನಿಮಗೆ ಒಂದು ಸಂಜೆ ಸಾಕು."